ಮೊದಲ ಸಾಲಿನಲ್ಲಿ ಬಡ್ಡಿ 70, ಕೆಳಗೆ ಎಳೆದರೆ 27,500! ಫಾರ್ಮುಲಾ ಕಾಪಿ ಮಾಡುವುದು ಹೇಗೆ?

ಡೊಂಬಿವಲಿ_ಬಿವಿಂಗ್ · ಶನಿವಾರ ರಾತ್ರಿ 9:40

ಡೊಂಬಿವಲಿ ಪೂರ್ವದಲ್ಲಿ ನಮ್ಮದು 36 ಫ್ಲ್ಯಾಟಿನ ಸೊಸೈಟಿ. ಈ ವರ್ಷ ಖಜಾಂಚಿ ಕೆಲಸ ನನ್ನ ತಲೆಗೆ ಬಂದಿದೆ. ಮೀಟಿಂಗಿನಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ, ಅಷ್ಟೇ. ಇಷ್ಟು ದಿನ ಲೆಕ್ಕ ಎಲ್ಲಾ ರಿಜಿಸ್ಟರ್ ಪುಸ್ತಕದಲ್ಲಿತ್ತು. ನಾನು ಎಕ್ಸೆಲ್‌ಗೆ ತರುತ್ತಿದ್ದೇನೆ.

ಎ ಕಾಲಂನಲ್ಲಿ ಫ್ಲ್ಯಾಟ್ ನಂಬರ್, ಬಿ ಕಾಲಂನಲ್ಲಿ ಎಷ್ಟು ನೀರಿನ ನಲ್ಲಿ, ಸಿ ಕಾಲಂನಲ್ಲಿ ಬಾಕಿ, ಡಿ ಕಾಲಂನಲ್ಲಿ ಬಡ್ಡಿ. ಫ್ಲ್ಯಾಟುಗಳು 5ನೇ ಸಾಲಿನಿಂದ ಶುರು. ಮೇಲೆ ಬಲಗಡೆ ಎಚ್1ರಲ್ಲಿ (ಎಚ್ ಕಾಲಂ, 1ನೇ ಸಾಲಿನ ಸೆಲ್) ಬಡ್ಡಿ ದರ 21%, ಎಚ್2ರಲ್ಲಿ ಒಂದು ನಲ್ಲಿಗೆ ತಿಂಗಳಿಗೆ 110 ರೂಪಾಯಿ ಅಂತ ಬರೆದಿದ್ದೇನೆ. (ಶೀಟಿನಲ್ಲಿ ಎಲ್ಲಾ ಇಂಗ್ಲಿಷ್ ಅಕ್ಷರಗಳೇ. ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಹಾಕಿದ್ದೇನೆ.)

ಡಿ5ರಲ್ಲಿ ಹಾಕಿದ್ದು ಇದು:

=ಸಿ5*ಎಚ್1/12

ಮೊದಲ ಫ್ಲ್ಯಾಟಿನ ಬಾಕಿ 4,000. ಬಡ್ಡಿ 70 ಬಂತು. ಸರಿಯಾಗಿದೆ. ಆಮೇಲೆ ಮೂಲೆ ಹಿಡಿದು ಕೆಳಗೆ ಎಳೆದೆ. ಎರಡನೇ ಫ್ಲ್ಯಾಟಿನ ಬಾಕಿ 3,000, ಅದಕ್ಕೆ ಬಡ್ಡಿ 27,500! ಅದರ ಕೆಳಗೆ ಉಳಿದ ಎಲ್ಲರಿಗೂ ಸೊನ್ನೆ. ಎರಡನೇ ಫ್ಲ್ಯಾಟಿನವರು ಪಾರ್ಕಿಂಗ್ ವಿಷಯಕ್ಕೇ ಮೂರು ತಿಂಗಳು ಮಾತು ಬಿಟ್ಟವರು. ಈ ಬಿಲ್ ಹೋದರೆ ನನ್ನ ಗತಿ ಏನು ಯೋಚಿಸಿ.

ಹಳೆ_ಲೋಟಸ್_ಫೋರ್ಟ್ · ಶನಿವಾರ ರಾತ್ರಿ 10:05

27,500 ಎಲ್ಲಿಂದ ಬಂತು ಅಂತ ಮೊದಲು ನೋಡಿ. 3,000 ಗುಣಿಸು 110, ಭಾಗಿಸು 12. ಬಡ್ಡಿ ದರದ ಜಾಗದಲ್ಲಿ ನೀರಿನ ದರ ಕೂತಿದೆ. ಡಿ6 ಮೇಲೆ ಡಬಲ್ ಕ್ಲಿಕ್ ಮಾಡಿ, =ಸಿ6*ಎಚ್2/12 ಅಂತ ಕಾಣುತ್ತದೆ. ಡಿ7ರಲ್ಲಿ ಎಚ್3 ಇರುತ್ತದೆ. ಅದು ಖಾಲಿ ಸೆಲ್. ಗುಣಾಕಾರದಲ್ಲಿ ಖಾಲಿ ಅಂದರೆ ಸೊನ್ನೆ. ಹಾಗಾಗಿ ಉಳಿದವರಿಗೆಲ್ಲ ಬಡ್ಡಿ ಮಾಫಿ.

ನೀವು ಡಿ5ರಲ್ಲಿ ಕೂತು ಎಚ್1 ಅಂತ ಬರೆದಿರಿ. ಎಕ್ಸೆಲ್ ಅದನ್ನು "ನನ್ನಿಂದ ನಾಲ್ಕು ಕಾಲಂ ಬಲಕ್ಕೆ, ನಾಲ್ಕು ಸಾಲು ಮೇಲಕ್ಕೆ" ಅಂತ ಅರ್ಥ ಮಾಡಿಕೊಳ್ಳುತ್ತದೆ. ಸಿ5 ಅಂದರೆ "ನನ್ನ ಎಡಗಡೆಯದು". ಸ್ಟೇಷನ್ ಇಳಿದು ಎಡಕ್ಕೆ ಎರಡನೇ ಗಲ್ಲಿ ಅಂತ ದಾರಿ ಹೇಳಿದ ಹಾಗೆ. ಡೊಂಬಿವಲಿಯಲ್ಲಿ ಇಳಿದವರು ನಿಮ್ಮ ಮನೆಗೆ ಬರುತ್ತಾರೆ, ಠಾಕುರ್ಲಿಯಲ್ಲಿ ಇಳಿದವರು ಬೇರೆ ಯಾರದೋ ಬಾಗಿಲು ತಟ್ಟುತ್ತಾರೆ.

ಬಾಕಿಗೆ ಈ ರೀತಿಯೇ ಬೇಕು, ಪ್ರತಿ ಸಾಲಿಗೂ ಅದರದೇ ಬಾಕಿ. ಬಡ್ಡಿ ದರಕ್ಕೆ ಮಾತ್ರ ಪೂರ್ತಿ ವಿಳಾಸ ಕೊಡಬೇಕು:

=ಸಿ5*$ಎಚ್$1/12

ಟೈಪ್ ಮಾಡುವಾಗ ಕರ್ಸರ್ ಎಚ್1 ಮೇಲಿರಲಿ, ಕೀಬೋರ್ಡಿನಲ್ಲಿ ಎಫ್4 ಒತ್ತಿ. ಡಾಲರ್ ತಾನೇ ಬರುತ್ತದೆ. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಜೊತೆ ಒತ್ತಬೇಕು. ಮ್ಯಾಕ್ ಆದರೆ ಕಮಾಂಡ್ ಮತ್ತು ಟಿ. ಆಮೇಲೆ ಎಳೆಯುವುದೂ ಬೇಡ, ಸೆಲ್ಲಿನ ಕೆಳಗಿನ ಬಲ ಮೂಲೆಯ ಚುಕ್ಕೆ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪಕ್ಕದ ಕಾಲಂ ಎಲ್ಲಿಯವರೆಗೆ ತುಂಬಿದೆಯೋ ಅಲ್ಲಿಯವರೆಗೆ ಇಳಿಯುತ್ತದೆ.

ಇನ್ನೊಂದು. ಸೊಸೈಟಿ ಬೈಲಾದಲ್ಲಿ (ನಿಯಮಾವಳಿಯಲ್ಲಿ) ಬಡ್ಡಿಗೆ ಗರಿಷ್ಠ ಮಿತಿ ಇರುತ್ತದೆ, ಅದೂ ಸರಳ ಬಡ್ಡಿ. ಸಿ ಕಾಲಂನಲ್ಲಿ ಬರೀ ಅಸಲು ಬಾಕಿ ಇರಬೇಕು. ಹೋದ ತಿಂಗಳ ಬಡ್ಡಿಯನ್ನೂ ಅದರಲ್ಲೇ ಸೇರಿಸಿದರೆ ಚಕ್ರಬಡ್ಡಿ ಆಗುತ್ತದೆ. ಅದಕ್ಕೆ ಡಾಲರ್ ಮದ್ದಲ್ಲ.

ಡೊಂಬಿವಲಿ_ಬಿವಿಂಗ್ · ಶನಿವಾರ ರಾತ್ರಿ 10:31

ಬಂತು ಸರ್! ಎರಡನೆಯವರಿಗೆ 52.50. ಉಸಿರು ಬಂತು.

ಆದರೆ ಎಫ್4 ಮತ್ತೆ ಮತ್ತೆ ಒತ್ತಿದರೆ ಡಾಲರ್ ಜಾಗ ಬದಲಾಯಿಸುತ್ತಿದೆ. $ಎಚ್$1, ಆಮೇಲೆ ಎಚ್$1, ಆಮೇಲೆ $ಎಚ್1, ಕೊನೆಗೆ ಮತ್ತೆ ಎಚ್1. ನಡುವಿನ ಆ ಎರಡು ಯಾಕೆ? ಎಲ್ಲಾ ಕಡೆ ಎರಡೆರಡು ಡಾಲರ್ ಹಾಕಿಬಿಟ್ಟರೆ ಸಾಕಲ್ವಾ?

ಮಾಪುಸಾ_ತರಕಾರಿ · ಶನಿವಾರ ರಾತ್ರಿ 11:12

ಸಾಕಾಗುವುದಿಲ್ಲ. ನನ್ನ ವ್ಯಾಪಾರ ನಡೆಯುವುದೇ ಆ ನಡುವಿನ ಎರಡರ ಮೇಲೆ.

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ತರಕಾರಿ ಬರುತ್ತದೆ. ನಾನು ಇಲ್ಲಿ ಗೋವಾದಲ್ಲಿ ಅಂಗಡಿಗಳಿಗೆ, ಹೋಟೆಲಿಗೆ ಹಾಕುತ್ತೇನೆ. ಎ ಕಾಲಂನಲ್ಲಿ ತರಕಾರಿ ಹೆಸರು, ಬಿ ಕಾಲಂನಲ್ಲಿ ಆ ದಿನದ ಖರೀದಿ ದರ, 3ನೇ ಸಾಲಿನಿಂದ ಕೆಳಗೆ. ಸಿ, ಡಿ, ಇ ಕಾಲಂಗಳು ಮಾಪುಸಾ, ಕಲಂಗುಟ್, ಪೆಡ್ಣೆ. ದೂರ ಬೇರೆ, ಗಿರಾಕಿ ಬೇರೆ, ಹಾಗಾಗಿ ಮಾರ್ಜಿನ್ ಬೇರೆ. 2ನೇ ಸಾಲಿನಲ್ಲಿ ಅದನ್ನು ಬರೆದಿದ್ದೇನೆ: 8%, 12%, 10%.

ಸಿ3ರಲ್ಲಿ ಒಂದೇ ಒಂದು ಫಾರ್ಮುಲಾ:

=$ಬಿ3*(1+ಸಿ$2)

ಖರೀದಿ ದರಕ್ಕೆ ಕಾಲಂ ಕಟ್ಟಿದ್ದೇನೆ. ಬಲಕ್ಕೆ ಎಳೆದರೂ ಬಿ ಬಿಟ್ಟು ಹೋಗುವುದಿಲ್ಲ, ಕೆಳಗೆ ಎಳೆದರೆ ಟೊಮೆಟೊದಿಂದ ಈರುಳ್ಳಿಗೆ ಇಳಿಯುತ್ತದೆ. ಮಾರ್ಜಿನ್‌ಗೆ ಸಾಲು ಕಟ್ಟಿದ್ದೇನೆ. ಕೆಳಗೆ ಎಷ್ಟು ಎಳೆದರೂ 2ನೇ ಸಾಲೇ, ಬಲಕ್ಕೆ ಎಳೆದರೆ ಕಲಂಗುಟ್, ಪೆಡ್ಣೆ. ಟೊಮೆಟೊ 30 ಇದ್ದರೆ ಮಾಪುಸಾಗೆ 32.40, ಕಲಂಗುಟ್‌ಗೆ 33.60. ಇಡೀ ಪಟ್ಟಿ ಒಂದೇ ಎಳೆತಕ್ಕೆ ತುಂಬುತ್ತದೆ.

ನೀವು ಹೇಳಿದ ಹಾಗೆ ಎಲ್ಲಾ ಕಡೆ ಎರಡೆರಡು ಡಾಲರ್ ಹಾಕಿದರೆ? ಟೊಮೆಟೊ, ಬೀನ್ಸ್, ಕೊತ್ತಂಬರಿ ಎಲ್ಲದಕ್ಕೂ, ಎಲ್ಲಾ ಊರಿಗೂ 32.40. ಅದು ಹೋಗಲಿ, ಕಣ್ಣಿಗೆ ಕಾಣುತ್ತದೆ. ಡಾಲರೇ ಹಾಕದಿದ್ದರೆ ಏನಾಗುತ್ತದೆ ನೋಡಿ. ಡಿ3ರಲ್ಲಿ =ಸಿ3*(1+ಡಿ2) ಆಗುತ್ತದೆ. ಮಾಪುಸಾದ ಮಾರಾಟ ದರದ ಮೇಲೆ ಕಲಂಗುಟ್ ಮಾರ್ಜಿನ್. ಟೊಮೆಟೊ 36.29. ಇದನ್ನು ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಸೀಸನ್‌ನಲ್ಲಿ ಅಲ್ಲಿ ಆ ದರ ಇದ್ದರೂ ಇರಬಹುದು ಅನಿಸುತ್ತದೆ. ನಿಮಗೆ 27,500 ಬಂದದ್ದು ಅದೃಷ್ಟ ಅಂದುಕೊಳ್ಳಿ. ಅದು ಕೂಗಿ ಹೇಳಿತು, ಇದು ಸುಮ್ನೆ ಕೂತಿರುತ್ತದೆ.

ನಾನು ಎಳೆಯುವ ಮುಂಚೆ ಪ್ರತಿ ಸೆಲ್ ಹೆಸರಿಗೂ ಎರಡು ಪ್ರಶ್ನೆ ಕೇಳುತ್ತೇನೆ. ಬಲಕ್ಕೆ ಹೋದಾಗ ಅಕ್ಷರ ಬದಲಾಗಬೇಕಾ? ಕೆಳಗೆ ಹೋದಾಗ ನಂಬರ್ ಬದಲಾಗಬೇಕಾ? ಬೇಡ ಅಂದದ್ದರ ಮುಂದೆ ಡಾಲರ್. ನಿಮ್ಮ ಬಡ್ಡಿ ಕಾಲಂ ಕೆಳಗೆ ಮಾತ್ರ ಹೋಗುತ್ತದೆ, ಹಾಗಾಗಿ ಎಚ್$1 ಅಂತ ಒಂದೇ ಡಾಲರ್ ಇದ್ದರೂ ಸಾಕಿತ್ತು.

ಸಯನ್_ಟೀಚರ್ · ಭಾನುವಾರ ಬೆಳಿಗ್ಗೆ 8:20

ಸುಮ್ನೆ ಕೂತಿರುವ ತಪ್ಪಿಗೆ ನನ್ನ ಹತ್ತಿರವೂ ಒಂದು ಇದೆ. ಕನ್ನಡ ಮಾಧ್ಯಮ ಶಾಲೆ, 40 ಮಕ್ಕಳು. ಡಿ2ರಿಂದ ಡಿ41ರವರೆಗೆ ಒಟ್ಟು ಅಂಕ. ಹಿಂದಿನ ವರ್ಷದ ಶೀಟ್ ನನ್ನ ಕೈಗೆ ಬಂದಾಗ ರ್ಯಾಂಕ್ ಕಾಲಂ ಹೀಗಿತ್ತು:

=ರ್ಯಾಂಕ್(ಡಿ2,ಡಿ2:ಡಿ41)

ಮೊದಲ ಮಗುವಿಗೆ ಸರಿ. ಎರಡನೆಯದಕ್ಕೆ ಡಿ3:ಡಿ42, ಮೂರನೆಯದಕ್ಕೆ ಡಿ4:ಡಿ43. ಪಟ್ಟಿಯೂ ಜೊತೆಗೇ ಜಾರುತ್ತಾ ಹೋಗುತ್ತದೆ. ಅಂದರೆ ಪ್ರತಿ ಮಗುವಿನ ಸ್ಪರ್ಧೆ ತನ್ನ ಕೆಳಗಿರುವವರ ಜೊತೆ ಮಾತ್ರ. ಕೊನೆಯ ಮಗುವಿಗೆ ಸ್ಪರ್ಧೆಗೆ ಯಾರೂ ಇಲ್ಲ, ಯಾವಾಗಲೂ ಮೊದಲ ರ್ಯಾಂಕ್! ನಮ್ಮದು ಅಕ್ಷರ ಕ್ರಮದ ಹಾಜರಿ. ಹ ಅಕ್ಷರದ ಮಕ್ಕಳೆಲ್ಲ ಆ ವರ್ಷ ಭಾರೀ ಬುದ್ಧಿವಂತರಾಗಿದ್ದರು.

ಇಲ್ಲಿ =ರ್ಯಾಂಕ್(ಡಿ2,$ಡಿ$2:$ಡಿ$41) ಆಗಬೇಕು. ಮಗು ಬದಲಾಗಬೇಕು, ತರಗತಿ ಬದಲಾಗಬಾರದು. ವಿಲುಕಪ್‌ನಲ್ಲಿ ಹುಡುಕುವ ಪಟ್ಟಿಗೂ ಇದೇ (ವಿಲುಕಪ್ ಅಂದರೆ ಪಟ್ಟಿಯಲ್ಲಿ ಹೆಸರು ಹುಡುಕಿ ಅದೇ ಸಾಲಿನ ಅಂಕಿ ತರುವ ಫಂಕ್ಷನ್). ಅಲ್ಲಿ ಡಾಲರ್ ಬಿಟ್ಟರೆ ಮೇಲಿನ ಹೆಸರುಗಳು ಒಂದೊಂದಾಗಿ ಪಟ್ಟಿಯಿಂದ ಬಿದ್ದು ಹೋಗುತ್ತವೆ. ಕೆಲವರಿಗೆ ಉತ್ತರ ಬರುತ್ತದೆ, ಕೆಲವರಿಗೆ ಎರರ್. ಹೆಸರು ಟೈಪ್ ಮಾಡಿದ್ದೇ ತಪ್ಪು ಅಂದುಕೊಂಡು ಸ್ಪೆಲಿಂಗ್ ತಿದ್ದುತ್ತಾ ಕೂರುತ್ತೇವೆ.

ಹಳೆ_ಲೋಟಸ್_ಫೋರ್ಟ್ · ಭಾನುವಾರ ಬೆಳಿಗ್ಗೆ 9:02

ಜಾರುವುದು ಯಾವಾಗಲೂ ಕೆಟ್ಟದ್ದಲ್ಲ ಟೀಚರ್. =ಸಮ್($ಸಿ$2:ಸಿ2) ಅಂತ ಹಾಕಿ ಕೆಳಗೆ ಎಳೆಯಿರಿ. ಒಂದು ತುದಿ ಗೂಟಕ್ಕೆ ಕಟ್ಟಿದೆ, ಇನ್ನೊಂದು ತುದಿ ಇಳಿಯುತ್ತದೆ. ಪ್ರತಿ ಸಾಲಿನಲ್ಲೂ ಅಲ್ಲಿಯವರೆಗಿನ ಒಟ್ಟು ಮೊತ್ತ. ಕ್ಯಾಶ್ ಬುಕ್ಕಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಮಾಪುಸಾದವರ ಆ ಎರಡು ಪ್ರಶ್ನೆ ನೋಡಿ ನಗು ಬಂತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಅವರ ವಿಸಿಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಆಪಲ್ 2 ಕಂಪ್ಯೂಟರಿನಲ್ಲಿ ಬಂತು. ಅದರಲ್ಲಿ ಡಾಲರ್ ಇರಲಿಲ್ಲ. ಫಾರ್ಮುಲಾ ನಕಲು ಮಾಡುವಾಗ ಪ್ರೋಗ್ರಾಮೇ ಒಂದೊಂದು ಸೆಲ್ ಹೆಸರಿಗೂ ನಿಂತು ಕೇಳುತ್ತಿತ್ತು. ಎನ್ ಒತ್ತಿದರೆ ಇದ್ದ ಹಾಗೇ ಇರಲಿ, ಆರ್ ಒತ್ತಿದರೆ ಜೊತೆಗೆ ಸರಿಯಲಿ ಅಂತ. ಪ್ರತಿ ಸಲ ಉತ್ತರ ಕೊಡಲೇಬೇಕು. 1983ರಲ್ಲಿ ಲೋಟಸ್ 1-2-3 ಅನ್ನುವ ಇನ್ನೊಂದು ಪ್ರೋಗ್ರಾಂ ಬಂದಾಗ ಆ ಉತ್ತರ ಡಾಲರ್ ಆಗಿ ಫಾರ್ಮುಲಾದೊಳಗೇ ಕೂತಿತು. ಕೆಲಸ ಬೇಗ ಆಯಿತು. ಕೇಳುವವರು ಇಲ್ಲವಾದರು. ನನಗೆ ಈಗಲೂ ಆ ಹಳೆ ಪದ್ಧತಿ ಒಳ್ಳೆಯದಿತ್ತು ಅನಿಸುತ್ತದೆ, ಯಾರೂ ಒಪ್ಪುವುದಿಲ್ಲ.

ಸಿಂಹಗಡ್_ರೋಡ್ · ಭಾನುವಾರ ಬೆಳಿಗ್ಗೆ 10:45

ಇಷ್ಟೆಲ್ಲ ಡಾಲರ್ ಯಾಕೆ ಸ್ವಾಮಿ? ಎಚ್1 ಮೇಲೆ ಕ್ಲಿಕ್ ಮಾಡಿ. ಎಡಗಡೆ ಮೇಲೆ ಎಚ್1 ಅಂತ ತೋರಿಸುವ ಸಣ್ಣ ಪೆಟ್ಟಿಗೆ ಇದೆಯಲ್ಲ, ಅಲ್ಲಿ ಬಡ್ಡಿ_ದರ ಅನ್ನುವ ಅರ್ಥ ಬರುವ ಒಂದು ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ಹೆಸರಿನಲ್ಲಿ ಸ್ಪೇಸ್ ಬೇಡ. ನಾನು ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತೇನೆ. ಆಮೇಲೆ ಫಾರ್ಮುಲಾ =ಸಿ5*ಬಡ್ಡಿ_ದರ/12. ಎಲ್ಲಿಗೆ ಎಳೆದರೂ ಅಲುಗುವುದಿಲ್ಲ. ಮುಂದಿನ ವರ್ಷ ಬರುವ ಖಜಾಂಚಿಗೂ ಓದಿದ ತಕ್ಷಣ ತಿಳಿಯುತ್ತದೆ. $ಎಚ್$1 ನೋಡಿ ಯಾರಿಗೆ ಏನು ಗೊತ್ತಾಗುತ್ತದೆ?

ಚಾಕಣ್_ಸೆಕೆಂಡ್_ಶಿಫ್ಟ್ · ಭಾನುವಾರ ಮಧ್ಯಾಹ್ನ 12:30

ಒಂದೆರಡು ದರಕ್ಕೆ ಹೆಸರು ಚೆನ್ನ. ಜಾಸ್ತಿ ಆದರೆ ತಲೆನೋವು. ಶೀಟನ್ನೇ ಕಾಪಿ ಮಾಡಿ ಹೊಸ ತಿಂಗಳಿಗೆ ಇಟ್ಟುಕೊಳ್ಳುತ್ತೀರಿ ಅಲ್ವಾ? ಆಗ ಅದೇ ಹೆಸರಿನ ಇನ್ನೊಂದು ನಕಲು ಆ ಶೀಟಿಗೆ ಮಾತ್ರ ಅಂತ ಹುಟ್ಟಿಕೊಳ್ಳುತ್ತದೆ. ಹೊಸ ಶೀಟಿನ ಬಡ್ಡಿ_ದರ ಹೊಸ ಶೀಟಿನ ಎಚ್1, ಹಳೆಯದು ಹಳೆಯದರ ಎಚ್1. ದರ ಒಂದೇ ಕಡೆ ಬದಲಾಯಿಸಿ ಎಲ್ಲಾ ಕಡೆ ಬದಲಾಯಿತು ಅಂದುಕೊಂಡು ಕೂರುವುದು. ನಮ್ಮ ಪ್ಲಾಂಟಿನಲ್ಲಿ ಒಂದು ಫೈಲಿನ ನೇಮ್ ಮ್ಯಾನೇಜರ್ (ಇಟ್ಟ ಹೆಸರುಗಳ ಪಟ್ಟಿ) ತೆಗೆದರೆ ಸ್ಕ್ರಾಲ್ ಮಾಡಿ ಮುಗಿಯುವುದಿಲ್ಲ.

ನನ್ನ ಮಟ್ಟಿಗೆ ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡುವುದೇ ಒಳ್ಳೆಯದು. ಒಂದು ಸೆಲ್ಲಿನಲ್ಲಿ ಫಾರ್ಮುಲಾ ಬರೆದರೆ ಇಡೀ ಕಾಲಂ ತಾನೇ ತುಂಬುತ್ತದೆ, ಹೊಸ ಸಾಲು ಸೇರಿಸಿದರೂ ಬರುತ್ತದೆ. ಆದರೆ ಅದರಲ್ಲೂ ಒಂದು ಕೊಕ್ಕೆ ಇದೆ. ಟೇಬಲ್ ಕಾಲಂ ಹೆಸರಿರುವ ಫಾರ್ಮುಲಾವನ್ನು ಮೂಲೆ ಹಿಡಿದು ಬಲಕ್ಕೆ ಎಳೆದರೆ ಕಾಲಂ ಹೆಸರು ಪಕ್ಕದ ಕಾಲಂಗೆ ಜಾರುತ್ತದೆ. ಅದನ್ನೇ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಜಾರುವುದಿಲ್ಲ. ಅಲ್ಲಿ ಎಫ್4 ಕೂಡ ಕೆಲಸಕ್ಕೆ ಬರುವುದಿಲ್ಲ.

ಸಿಂಹಗಡ್_ರೋಡ್ · ಭಾನುವಾರ ಮಧ್ಯಾಹ್ನ 12:41

ಹಾಗಾದರೆ ದರಕ್ಕೆ ಬೇರೆಯೇ ಶೀಟ್ ಇಡಿ, ಅದನ್ನು ಕಾಪಿ ಮಾಡಬೇಡಿ. ಹೆಸರಿನದೇನು ತಪ್ಪು?

ಚಾಕಣ್_ಸೆಕೆಂಡ್_ಶಿಫ್ಟ್ · ಭಾನುವಾರ ಮಧ್ಯಾಹ್ನ 12:50

ಅದು ಒಪ್ಪಿದೆ.

ಪೊವಾಯಿ_ಮೊಬೈಲ್ · ಭಾನುವಾರ ಮಧ್ಯಾಹ್ನ 1:15

ನನ್ನದೆಲ್ಲ ಫೋನಿನ ಗೂಗಲ್ ಶೀಟ್ಸ್. ಎಫ್4 ಇಲ್ಲ. ಏನು ಮಾಡುವುದು?

ಮಾಪುಸಾ_ತರಕಾರಿ · ಭಾನುವಾರ ಮಧ್ಯಾಹ್ನ 1:22

ಕೀಬೋರ್ಡಿನ ಚಿಹ್ನೆಗಳಲ್ಲಿ ಡಾಲರ್ ಇದೆ, ಕೈಯಲ್ಲೇ ಟೈಪ್ ಮಾಡಿ. ನಾನು ಟೆಂಪೋದಲ್ಲಿ ಕೂತು ಅದನ್ನೇ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಗೂಗಲ್ ಶೀಟ್ಸ್ ತೆರೆದರೆ ಎಫ್4 ಅಲ್ಲೂ ನಡೆಯುತ್ತದೆ.

ಡೊಂಬಿವಲಿ_ಬಿವಿಂಗ್ · ಭಾನುವಾರ ಸಂಜೆ 6:10

ಹೊಸ ಗೊಂದಲ. ಮೇಲೆ ಸೊಸೈಟಿ ಹೆಸರು ಬರೆಯೋಣ ಅಂತ ಒಂದು ಖಾಲಿ ಸಾಲು ಸೇರಿಸಿದೆ. ಎಲ್ಲಾ ಫಾರ್ಮುಲಾದಲ್ಲೂ $ಎಚ್$1 ಇದ್ದದ್ದು $ಎಚ್$2 ಆಗಿಬಿಟ್ಟಿದೆ. ಗಟ್ಟಿಯಾಗಿ ಕಟ್ಟಿದ್ದು ಅಲುಗುವುದಿಲ್ಲ ಅಂದಿರಲ್ಲ? ಲೆಕ್ಕ ಮಾತ್ರ ಸರಿಯಾಗೇ ಬರುತ್ತಿದೆ.

ಹಳೆ_ಲೋಟಸ್_ಫೋರ್ಟ್ · ಭಾನುವಾರ ಸಂಜೆ 6:48

ಸರಿಯಾಗೇ ಬರುತ್ತದೆ, ಯಾಕೆಂದರೆ 21% ಈಗ ಎಚ್2ರಲ್ಲಿ ಇದೆ. ಡಾಲರ್ ಕಟ್ಟಿ ಹಾಕುವುದು ಫಾರ್ಮುಲಾವನ್ನು ಕಾಪಿ ಮಾಡುವಾಗ ಮಾತ್ರ. ಸಾಲು ಸೇರಿಸಿದರೆ, ಅಳಿಸಿದರೆ, ದರದ ಸೆಲ್ಲನ್ನೇ ಬೇರೆ ಕಡೆ ಕಟ್ ಮಾಡಿ ಇಟ್ಟರೆ, ಡಾಲರ್ ಇರಲಿ ಇಲ್ಲದಿರಲಿ, ಫಾರ್ಮುಲಾ ಅದನ್ನು ಹಿಂಬಾಲಿಸುತ್ತದೆ. ಆ ಸೆಲ್ಲನ್ನೇ ಡಿಲೀಟ್ ಮಾಡಿದರೆ ಹಿಂಬಾಲಿಸಲು ಏನೂ ಇಲ್ಲ, ಆಗಲೇ #ರೆಫ್! ಅನ್ನುವ ಎರರ್ ಬರುವುದು. ಏನೇ ಆದರೂ ಎಚ್1 ಅಂದರೆ ಎಚ್1 ಅಂತ ಹಟ ಹಿಡಿಯಬೇಕಿದ್ದರೆ ಇಂಡೈರೆಕ್ಟ್ ಫಂಕ್ಷನ್ ಇದೆ. ನಿಮಗೆ ಅದು ಬೇಡ.

ಕಟ್ ಮತ್ತು ಕಾಪಿ ಒಂದೇ ಅಂದುಕೊಳ್ಳಬೇಡಿ. ಫಾರ್ಮುಲಾ ಇರುವ ಸೆಲ್ಲನ್ನು ಕಟ್ ಮಾಡಿ ಬೇರೆ ಕಡೆ ಅಂಟಿಸಿದರೆ ಒಳಗಿನ ಹೆಸರುಗಳು ಹಾಗೇ ಉಳಿಯುತ್ತವೆ. ಕಾಪಿ ಮಾಡಿದರೆ ಸರಿಯುತ್ತವೆ. ಒಂದು ಫಾರ್ಮುಲಾವನ್ನು ಅಕ್ಷರವೂ ಬದಲಾಗದಂತೆ ಇನ್ನೊಂದು ಕಡೆ ಬೇಕಿದ್ದರೆ ಮೇಲಿನ ಫಾರ್ಮುಲಾ ಪಟ್ಟಿಯೊಳಗೆ ಹೋಗಿ ಅಕ್ಷರಗಳನ್ನೇ ಆರಿಸಿ ಕಾಪಿ ಮಾಡಿ, ಎಸ್ಕೇಪ್ ಒತ್ತಿ, ಹೊಸ ಸೆಲ್ಲಿನಲ್ಲಿ ಅಂಟಿಸಿ.

ಸಾಲು ಸೇರಿಸುವಾಗ ಒಂದು ಎಚ್ಚರ. ನಡುವೆ ಸೇರಿಸಿದರೆ ಒಟ್ಟು ಮೊತ್ತದ ರೇಂಜ್ (ಯಾವ ಸಾಲಿನಿಂದ ಯಾವ ಸಾಲಿನವರೆಗೆ ಅನ್ನುವುದು) ತಾನೇ ಹಿಗ್ಗುತ್ತದೆ. ಕೊನೆಯ ಸಾಲಿನ ಕೆಳಗೆ ಸೇರಿಸಿದರೆ ಹಿಗ್ಗುತ್ತದೆ ಅಂತ ನಂಬಿ ಕೂರಬೇಡಿ. ರೇಂಜ್ ಅರ್ಧಕ್ಕೆ ನಿಂತದ್ದಕ್ಕೆ ದೊಡ್ಡವರೇ ಸಿಕ್ಕಿಬಿದ್ದಿದ್ದಾರೆ. ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೊಗಾಫ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2010ರಲ್ಲಿ ದೇಶಗಳ ಸಾಲ ಮತ್ತು ಬೆಳವಣಿಗೆ ಬಗ್ಗೆ ಬರೆದ ಲೇಖನ ಬಹಳ ಹೆಸರು ಮಾಡಿತ್ತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ಂಡನ್ ಅನ್ನುವ ವಿದ್ಯಾರ್ಥಿ ಅವರ ಎಕ್ಸೆಲ್ ಶೀಟ್ ತರಿಸಿಕೊಂಡು ನೋಡಿದ. ಸರಾಸರಿ 30ರಿಂದ 49ನೇ ಸಾಲಿನವರೆಗೆ ಹೋಗಬೇಕಿತ್ತು, 44ಕ್ಕೇ ನಿಂತಿತ್ತು. ಐದು ದೇಶಗಳು ಲೆಕ್ಕದಿಂದ ಹೊರಗೆ. ಆ ಲೇಖನದ ಮೇಲಿನ ಆಕ್ಷೇಪ ಅದೊಂದೇ ಅಲ್ಲ, ಆದರೆ ಜನ ನೆನಪಿಟ್ಟುಕೊಂಡದ್ದು ಅದನ್ನೇ.

ಡೊಂಬಿವಲಿ_ಬಿವಿಂಗ್ · ಭಾನುವಾರ ರಾತ್ರಿ 8:30

ಇನ್ನೊಂದು ಕೇಳಿಬಿಡುತ್ತೇನೆ, ಬೈಯಬೇಡಿ. ಅಕ್ಟೋಬರಿನಿಂದ ಬಡ್ಡಿ 21% ಬದಲು 18% ಅಂತ ಜನರಲ್ ಬಾಡಿಯಲ್ಲಿ ಆಗಿದೆ. ನನ್ನ ದರ ಒಂದೇ ಸೆಲ್ಲಿನಲ್ಲಿ ಇದೆ. ಅಲ್ಲಿ 18 ಹಾಕಿದರೆ ಏಪ್ರಿಲ್‌ನಿಂದ ಕೊಟ್ಟ ಬಿಲ್ಲುಗಳೂ ಬದಲಾಗುತ್ತವೆ ಅಲ್ವಾ?

ಚಾಕಣ್_ಸೆಕೆಂಡ್_ಶಿಫ್ಟ್ · ಭಾನುವಾರ ರಾತ್ರಿ 9:15

ಬದಲಾಗುತ್ತವೆ. ಡಾಲರ್ ಕಲಿತವರು ಮುಂದೆ ಎಡವುವ ಕಲ್ಲು ಇದೇ. ದರ ಒಂದೇ ಕಡೆ ಇಡಿ ಅಂತ ಎಲ್ಲರೂ ಹೇಳುತ್ತಾರೆ, ದರಕ್ಕೆ ತಾರೀಖು ಇದೆ ಅಂತ ಯಾರೂ ಹೇಳುವುದಿಲ್ಲ.

ಸುಲಭದ ದಾರಿ: ಮುಗಿದ ತಿಂಗಳ ಬಡ್ಡಿ ಕಾಲಂ ಆರಿಸಿ ಕಾಪಿ ಮಾಡಿ, ಅಲ್ಲೇ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಕೊಡಿ. ಫಾರ್ಮುಲಾ ಹೋಗಿ ಬರೀ ಅಂಕಿ ಉಳಿಯುತ್ತದೆ. ಆಡಿಟರ್ ಬಂದು ಈ ಅಂಕಿ ಹೇಗೆ ಬಂತು ಅಂದರೆ ತೋರಿಸಲು ಏನೂ ಇರುವುದಿಲ್ಲ, ಹಾಗಾಗಿ ನನಗೆ ಇಷ್ಟವಿಲ್ಲ.

ಇನ್ನೊಂದು ದಾರಿ: ದರ ಅಂತ ಒಂದು ಶೀಟ್ ಮಾಡಿ. ಎ ಕಾಲಂನಲ್ಲಿ ಯಾವತ್ತಿನಿಂದ, ಬಿ ಕಾಲಂನಲ್ಲಿ ಎಷ್ಟು. ಏಪ್ರಿಲ್ 1, 21%. ಅದರ ಕೆಳಗೆ ಅಕ್ಟೋಬರ್ 1, 18%. ಪ್ರತಿ ತಿಂಗಳ ಶೀಟಿನಲ್ಲೂ ಬಿ1ರಲ್ಲಿ ಆ ಬಿಲ್ಲಿನ ತಾರೀಖು ಇರಲಿ. ಬಡ್ಡಿ ಹೀಗೆ (ಸಾಲು ಸೇರಿಸಿದ ಮೇಲೆ ನಿಮ್ಮ ಮೊದಲ ಫ್ಲ್ಯಾಟ್ ಈಗ 6ನೇ ಸಾಲಿನಲ್ಲಿದೆ):

=ಸಿ6*ವಿಲುಕಪ್($ಬಿ$1,'ದರ'!$ಎ$2:$ಬಿ$10,2,ಟ್ರೂ)/12

ಟ್ರೂ ಹಾಕಿದರೆ ಅದೇ ತಾರೀಖು ಸಿಗದಿದ್ದಾಗ ಅದಕ್ಕಿಂತ ಹಿಂದಿನ ಹತ್ತಿರದ ಸಾಲು ಹಿಡಿಯುತ್ತದೆ. ಆಗಸ್ಟ್ ಬಿಲ್ಲಿಗೆ 21, ನವೆಂಬರಿಗೆ 18. ತಾರೀಖುಗಳು ಹಳೆಯದರಿಂದ ಹೊಸದಕ್ಕೆ ಕ್ರಮವಾಗಿ ಇರಲೇಬೇಕು. ಡಾಲರುಗಳನ್ನು ಎಣಿಸಿ ನೋಡಿ, ಸಿ6 ಬಿಟ್ಟು ಎಲ್ಲದಕ್ಕೂ ಇದೆ.

ಇದೆಲ್ಲ ಒಂದೇ ಫೈಲಿನೊಳಗೆ ಇಡಿ. ಮುಂದಿನ ವರ್ಷ ಒಂದು ತಿಂಗಳ ಶೀಟ್ ಮಾತ್ರ ಹೊಸ ಫೈಲಿಗೆ ಕಾಪಿ ಮಾಡಿದರೆ ಫಾರ್ಮುಲಾ ಹಳೆ ಫೈಲಿನ ದರವನ್ನೇ ನೋಡುತ್ತಿರುತ್ತದೆ. ಸೆಲ್ಲಿನಲ್ಲಿ ಚೌಕ ಬ್ರಾಕೆಟ್ ಒಳಗೆ ಹಳೆ ಫೈಲಿನ ಹೆಸರು ಕಂಡರೆ ಅದೇ. ಎರಡೂ ಶೀಟ್ ಒಟ್ಟಿಗೆ ಆರಿಸಿ ಕಾಪಿ ಮಾಡಿ, ಇಲ್ಲವೇ ಇಡೀ ಫೈಲನ್ನೇ ಬೇರೆ ಹೆಸರಲ್ಲಿ ಸೇವ್ ಮಾಡಿ.

ಸಯನ್_ಟೀಚರ್ · ಭಾನುವಾರ ರಾತ್ರಿ 9:40

36 ಸಾಲಲ್ಲೂ ಫಾರ್ಮುಲಾ ಸರಿಯಾಗಿದೆ ಅಂತ ಒಂದೊಂದೇ ಕ್ಲಿಕ್ ಮಾಡಿ ನೋಡಬೇಕಾ?

ಚಾಕಣ್_ಸೆಕೆಂಡ್_ಶಿಫ್ಟ್ · ಭಾನುವಾರ ರಾತ್ರಿ 9:58

ಬೇಡ. ಕಂಟ್ರೋಲ್ ಹಿಡಿದು, 1ರ ಎಡಗಡೆಯ ಕೀ ಒತ್ತಿ. ಅಂಕಿ ಹೋಗಿ ಎಲ್ಲಾ ಫಾರ್ಮುಲಾ ಕಾಣುತ್ತವೆ. ಮತ್ತೆ ಒತ್ತಿದರೆ ಅಂಕಿ ವಾಪಸ್.

ನಾನು ಇನ್ನೊಂದು ಹೆಜ್ಜೆ ಹೋಗುತ್ತೇನೆ. ಆಪ್ಷನ್ಸ್ ಒಳಗೆ ಫಾರ್ಮುಲಾಸ್, ಅಲ್ಲಿ ಆರ್1ಸಿ1 ಅಂತ ಒಂದು ಟಿಕ್ ಇದೆ. ಆರ್ ಅಂದರೆ ಸಾಲು, ಸಿ ಅಂದರೆ ಕಾಲಂ; ಎಚ್ ಎಂಟನೇ ಕಾಲಂ, ಹಾಗಾಗಿ ಎಚ್1 ಇಲ್ಲಿ ಆರ್1ಸಿ8. ಮೈಕ್ರೋಸಾಫ್ಟಿನ ಹಳೆಯ ಸ್ಪ್ರೆಡ್‌ಶೀಟ್ ಮಲ್ಟಿಪ್ಲಾನ್ ಕಾಲದ ಪದ್ಧತಿ. $ಎಚ್$1 ಇದ್ದ ನಿಮ್ಮ ಬಡ್ಡಿ ಫಾರ್ಮುಲಾ ಅದರಲ್ಲಿ =ಆರ್‌ಸಿ[-1]*ಆರ್1ಸಿ8/12 ಅಂತ ಕಾಣುತ್ತದೆ. ಬ್ರಾಕೆಟ್ ಇರುವುದು "ನನ್ನಿಂದ ಎಷ್ಟು ದೂರ", ಬ್ರಾಕೆಟ್ ಇಲ್ಲದ್ದು ಪೂರ್ತಿ ವಿಳಾಸ. ಇದರ ಲಾಭ ಏನೆಂದರೆ, ಸರಿಯಾಗಿ ಕಾಪಿ ಆಗಿದ್ದರೆ 36 ಸಾಲಲ್ಲೂ ಅಕ್ಷರಶಃ ಒಂದೇ ಫಾರ್ಮುಲಾ ಇರುತ್ತದೆ. ಬೇರೆ ಕಂಡದ್ದು ಕಳ್ಳ. ನೋಡಿ ಆದ ಮೇಲೆ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಮನೆಯವರು ಕಾಲಂ ಅಕ್ಷರ ಎಲ್ಲಿ ಹೋಯಿತು ಅಂತ ಕೇಳುತ್ತಾರೆ.

ಡೊಂಬಿವಲಿ_ಬಿವಿಂಗ್ · ಭಾನುವಾರ ರಾತ್ರಿ 10:25

ಸಿಕ್ಕಿತು! 22ನೇ ಸಾಲಿನಲ್ಲಿ ಫಾರ್ಮುಲಾನೇ ಇಲ್ಲ. ಯಾರೋ 0 ಅಂತ ಟೈಪ್ ಮಾಡಿದ್ದಾರೆ. ಫೈಲ್ ಕಮಿಟಿಯ ಮೂವರ ಹತ್ತಿರ ಇದೆ. ಆ ಫ್ಲ್ಯಾಟ್ ಯಾರದು ಅಂತ ಇಲ್ಲಿ ಬರೆಯುವುದಿಲ್ಲ.

ಹಳೆ_ಲೋಟಸ್_ಫೋರ್ಟ್ · ಭಾನುವಾರ ರಾತ್ರಿ 10:33

ಬಿ ಮತ್ತು ಸಿ ಕಾಲಂ ಆರಿಸಿ, ಫಾರ್ಮ್ಯಾಟ್ ಸೆಲ್ಸ್‌ನ ಪ್ರೊಟೆಕ್ಷನ್ ಟ್ಯಾಬಿನಲ್ಲಿ ಲಾಕ್ಡ್ ಟಿಕ್ ತೆಗೆಯಿರಿ. ಆಮೇಲೆ ರಿವ್ಯೂ ಮೆನುವಿನಲ್ಲಿ ಪ್ರೊಟೆಕ್ಟ್ ಶೀಟ್. ನಲ್ಲಿ, ಬಾಕಿ ಎರಡನ್ನು ಮಾತ್ರ ತುಂಬಬಹುದು, ಬಡ್ಡಿ ಕಾಲಂ ಮುಟ್ಟಲು ಆಗುವುದಿಲ್ಲ. ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ, ಆದರೆ ಅದನ್ನು ಪೂರ್ತಿ ನಂಬಬೇಡಿ, ಶೀಟ್ ಪಾಸ್‌ವರ್ಡ್ ಮುರಿಯುವುದು ಕಷ್ಟವಲ್ಲ. ಬಿಲ್ ಪ್ರಿಂಟ್ ಕೊಡುವ ಮುಂಚೆ ಆರ್1ಸಿ1 ಹಾಕಿ ಒಮ್ಮೆ ಕಣ್ಣಾಡಿಸಿ.